ಒಂದು ಇಬ್ರಿಯ ಶಬ್ದದ ಪಾಠ

ಕಳೆದ ವರ್ಷದ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಒಂಬತ್ತನೆಯ ಇಯತ್ತೆಯ ಬಾಲಿಕೆಯರಿಗೆ, ಸೃಷ್ಟಿಯ ಆರಂಭದಲ್ಲಿ ಜಲರಾಶಿಯ ಮೇಲೆ ಇದ್ದದ್ದು ಯಾವದು ಎಂಬ ಒಂದು ಪ್ರಶ್ನೆಯನ್ನು ನಾವು ಸತ್ಯವೇದದ ಪತ್ರಿಕೆಯಲ್ಲಿ ಕೊಟ್ಟಿದ್ದೆವು. ದೇವರಾತ್ಮ ಎಂಬದು ನಾವು ಅಪೇಕ್ಷಿಸಿದ ಉತ್ತರವು. ಕುಮಟೆಯ ಕಡೆಯಿಂದ ಬರುವ, ಮೀನುಗಾರರ ಮನೆತನದ ಬಾಲಿಕೆಯೊಬ್ಬಳು ಅಲ್ಲಿ ‘ಗಾಳಿ’ ಎಂದು ಬರೆದಿದ್ದಳು. ನಾವು ಅದಕ್ಕೆ ಕೆಂಪು ಮಸಿಯಿಂದ ಗೀಟು ಹಾಕಿ, ಅಂಕವನ್ನು ಕೊಡದೆ, ಮುಂದಿನ ಉತ್ತರವನ್ನು ನೋಡಿದೆವು.

ಪತ್ರಿಕೆಗಳನ್ನು ಹಿಂದಕ್ಕೆ ಕೊಟ್ಟ ದಿನ ಆ ಬಾಲಿಕೆಯು ಎದ್ದು ನಿಂತು, ‘ನೀರಿನ ಮೇಲೆ ಗಾಳಿ ಅಲ್ದೆ ಮತ್ತೆಂತ ಇರ್ತದೆ, ಅಕ್ಕೋರೇ?’ ಎಂದು ಕೇಳಿದಳು. ತರಗತಿಯೆಲ್ಲಾ ನಕ್ಕಿತು; ನಾವೂ ನಕ್ಕೆವೆಂಬದನ್ನು ಮರೆಮಾಚುವದಿಲ್ಲ. ಪುಸ್ತಕದಲ್ಲಿದ್ದ ಮಾತು ಮರೆತುಹೋದಾಗ ಅವಳು ತಾನು ದಿನವೂ ಕಾಣುವದನ್ನು ಬರೆದಿದ್ದಳು, ಅಷ್ಟೇ. ಆದರೆ ಆ ರಾತ್ರಿ ನಮಗೆ ಸಮಾಧಾನವಾಗಲಿಲ್ಲ. ಬಹುಕಾಲದ ಹಿಂದೆ ವೃದ್ಧ ಬೋಧಕರೊಬ್ಬರ ಬಳಿಯಲ್ಲಿ ಕೆಲವು ತಿಂಗಳು ಇಬ್ರಿಯ ಭಾಷೆಯ, ಅಂದರೆ ಹೀಬ್ರೂ ಭಾಷೆಯ, ಮೊದಲ ಪಾಠಗಳನ್ನು ಕಲಿತಿದ್ದೆವು. ಆ ವಹಿಯನ್ನು ಪೆಟ್ಟಿಗೆಯಿಂದ ತೆಗೆದು ನೋಡಲಾಗಿ, ನಮ್ಮ ಕೈಬರಹದಲ್ಲಿಯೇ ಹೀಗೆ ಇತ್ತು: ರೂಅಹ್—ಗಾಳಿ, ಉಸಿರು, ಆತ್ಮ. ಆದಿಕಾಂಡದ ಆ ವಚನದಲ್ಲಿರುವ ಮೂಲಶಬ್ದವು ಇದೇ. ನಾವು ಗೀಟು ಹಾಕಿದ್ದು ನಮ್ಮದೇ ಪಟ್ಟಿಯ ಮೊದಲನೆಯ ಅರ್ಥಕ್ಕೆ!

ಅವಳ ಉತ್ತರವನ್ನು ಬೆಂಬಲಿಸುವವರು ಸಾಮಾನ್ಯರಲ್ಲ. 882ರಿಂದ 942ರ ವರೆಗೆ ಬದುಕಿದ್ದ ಸಾದಿಯಾ ಗಾಓನ್ ಎಂಬ ಯೆಹೂದ್ಯ ಪಂಡಿತರು ಹಳೇ ಒಡಂಬಡಿಕೆಯ ಪುಸ್ತಕಗಳನ್ನು ಅರಬ್ಬಿಗೆ ಭಾಷಾಂತರಿಸಿದಾಗ ಈ ಸ್ಥಳದಲ್ಲಿ ದೇವರ ಗಾಳಿಗಳು ಎಂಬ ಅರ್ಥದ ಮಾತನ್ನೇ ಇಟ್ಟರು. 1989ರಲ್ಲಿ ಪ್ರಕಟವಾದ ಪ್ರಸಿದ್ಧವಾದ ಒಂದು ಇಂಗ್ಲಿಷ್ ಭಾಷಾಂತರದಲ್ಲಿಯೂ ದೇವರಿಂದ ಬಂದ ಗಾಳಿ ಎಂದೇ ಇರುವದು. ಹಾಗೆಂದು ದೇವರಾತ್ಮವೆಂಬದು ತಪ್ಪೆಂದು ಯಾರೂ ತಿಳಿಯಬಾರದು. ಅದೇ ವಚನದ ಕ್ರಿಯಾಪದವು ಮತ್ತೊಂದು ಕಡೆ, ಧರ್ಮೋಪದೇಶಕಾಂಡದ 32ನೆಯ ಅಧ್ಯಾಯದಲ್ಲಿ, ತನ್ನ ಮರಿಗಳ ಮೇಲೆ ರೆಕ್ಕೆಯಾಡಿಸುತ್ತಿರುವ ಹದ್ದಿನ ವಿಷಯದಲ್ಲಿ ಬಂದಿರುವದು. ಬರಿಯ ಗಾಳಿಗೆ ಅಂಥ ವಾತ್ಸಲ್ಯವಿಲ್ಲವೆಂದು ವಾದಿಸುವವರ ಮಾತಿನಲ್ಲಿಯೂ ಬಲವಿದೆ. ಎರಡು ಪಕ್ಷಗಳೂ ಸಾವಿರ ವರ್ಷಗಳಿಂದ ಮುಗಿಸದಿರುವ ವಾದವನ್ನು ನಾವು ಒಂದು ಕೆಂಪು ಗೀಟಿನಿಂದ ಮುಗಿಸಿಬಿಟ್ಟಿದ್ದೆವು.

ಆದದರಿಂದ ಆ ಅರ್ಧವರ್ಷದಲ್ಲಿ ಶನಿವಾರದ ಕೊನೆಯ ತಾಸನ್ನು ಈ ಒಂದೇ ಶಬ್ದಕ್ಕೆ ಮೀಸಲಿಟ್ಟೆವು. ಹಲವು ಅರ್ಥಗಳುಳ್ಳ ಪರಭಾಷೆಯ ಶಬ್ದವನ್ನು ಹೇಗೆ ಕಲಿಯಬೇಕೆಂಬದು ಇದರಿಂದ ಬಾಲಿಕೆಯರಿಗಿಂತ ಮೊದಲು ನಮಗೇ ತಿಳಿಯಿತು.

ಶಬ್ದದ ರೂಪವನ್ನು ಮೊದಲು ಹೇಳುವೆವು. ಇಬ್ರಿಯವನ್ನು ಬಲದಿಂದ ಎಡಕ್ಕೆ ಬರೆಯುವರು. ಈ ಶಬ್ದದಲ್ಲಿ ಮೂರೇ ಅಕ್ಷರಗಳು: ರೇಷ್, ವಾವ್, ಹೇತ್. ಕೊನೆಯ ಹೇತ್ ಎಂಬದು ಗಂಟಲಿನ ಆಳದಿಂದ ಹೊರಡುವ ಹಕಾರವು. ಅದರ ಕೆಳಗೆ ಅಕಾರದ ಗುರುತು ಇರುವದು. ಕನ್ನಡದ ರೂಢಿಯಂತೆ ವ್ಯಂಜನವನ್ನು ಮುಂದಿಟ್ಟು ‘ರೂಹ’ ಎಂದು ಓದಿದರೆ ತಪ್ಪಾಗುವದು. ಶಬ್ದದ ಕೊನೆಯಲ್ಲಿ ಈ ಅಕಾರವು ಅಕ್ಷರಕ್ಕಿಂತ ಮೊದಲೇ ನುಸುಳಿಕೊಂಡು ‘ರೂಅಹ್’ ಎಂದಾಗುವದು. ಹಾಗೆ ಉಚ್ಚರಿಸುವಾಗ ಅಂಗೈಯನ್ನು ಬಾಯಿಯ ಎದುರಿಗೆ ಹಿಡಿದರೆ ಬಿಸಿಯುಸಿರು ತಾಕುವದು. ಶಬ್ದವು ತನ್ನ ಅರ್ಥವನ್ನು ತಾನೇ ಕೈಗೆ ಕೊಟ್ಟಂತಾಗುವದು. ತರಗತಿಯಲ್ಲಿ ಮೂವತ್ತು ಅಂಗೈಗಳು ಏಕಕಾಲಕ್ಕೆ ಮೇಲೆದ್ದದ್ದನ್ನು ಕಂಡು, ಪಕ್ಕದ ಕೋಣೆಯ ಗಣಿತದ ಅಕ್ಕೋರು ಏನಾಯಿತೆಂದು ಬಂದು ಇಣಿಕಿದರು.

ಇನ್ನು ಅರ್ಥದ ವಿಚಾರ. ಒಂದೇ ರೂಪಕ್ಕೆ ಹಲವು ಅರ್ಥಗಳು ಎರಡು ಬಗೆಯಿಂದ ಬರುವವು. ಕನ್ನಡದಲ್ಲಿ ಅರಸು ಎಂದರೆ ರಾಜನೂ ಹೌದು, ಹುಡುಕುವದೂ ಹೌದು. ಹೊಳೆ ಎಂದರೆ ನದಿಯೂ ಹೌದು, ಪ್ರಕಾಶಿಸುವದೂ ಹೌದು. ಇವು ಒಂದೇ ವೇಷ ಧರಿಸಿದ ಬೇರೆ ಬೇರೆ ಶಬ್ದಗಳು. ಆದರೆ ಕಣ್ಣು ಎಂಬದನ್ನು ನೋಡಿರಿ. ಮುಖದಲ್ಲಿ ಕಣ್ಣು, ತೆಂಗಿನಕಾಯಿಗೆ ಕಣ್ಣು, ಕಬ್ಬಿನ ಗೆಣ್ಣಿಗೆ ಕಣ್ಣು, ನವಿಲುಗರಿಗೆ ಕಣ್ಣು, ಬಲೆಗೆ ಕಣ್ಣು. ಇದು ಒಂದೇ ಶಬ್ದ. ಕಂಡದ್ದಕ್ಕೆಲ್ಲಾ ಕೈಚಾಚಿ ಹಬ್ಬಿದೆ. ಇಬ್ರಿಯದಲ್ಲಿಯೂ ಕಣ್ಣಿಗೆ ಹೇಳುವ ‘ಆಯಿನ್’ ಎಂಬ ಮಾತೇ ನೀರಿನ ಬುಗ್ಗೆಗೂ ಬರುವದು. ದಾವೀದನು ಅಡಗಿಕೊಂಡಿದ್ದ ಏಂಗೆದಿಯ ಹೆಸರಿನ ಮೊದಲ ಭಾಗವು ಅದೇ. ರೂಅಹ್ ಎಂಬದು ಅರಸು, ಹೊಳೆಗಳ ಜಾತಿಯದಲ್ಲ, ಕಣ್ಣಿನ ಜಾತಿಯದು. ನಮ್ಮ ಹಳೆಯ ವಹಿಯಲ್ಲಿ ಮೂರು ಅರ್ಥಗಳ ನಡುವೆ ನಾವು ಇಟ್ಟಿದ್ದ ವಿರಾಮಚಿಹ್ನೆಗಳೇ ನಮ್ಮನ್ನು ದಾರಿ ತಪ್ಪಿಸಿದ್ದವು.

ಹಳೇ ಒಡಂಬಡಿಕೆಯಲ್ಲಿ ಈ ಶಬ್ದವು ಸುಮಾರು 380 ಸಾರಿ ಬರುವದು. ಗಾಳಿಯಿಂದಲೇ ಪ್ರಾರಂಭಿಸಿದೆವು. ಏದೆನಿನ ತೋಟದಲ್ಲಿ ದೇವರು ಸಂಚರಿಸಿದ್ದು ದಿನದ ರೂಅಹ್ ಬೀಸುವಾಗ, ಅಂದರೆ ತಂಗಾಳಿಯ ಹೊತ್ತಿನಲ್ಲಿ. ಆ ದೇಶದಲ್ಲಿಯೂ ನಮ್ಮಲ್ಲಿಯಂತೆಯೇ ಬಿಸಿಲೇರಿದ ಮೇಲೆ ಪಶ್ಚಿಮದ ಕಡಲಿನಿಂದ ತಂಪುಗಾಳಿ ಬರುವದು. ನೋಹನ ಕಾಲದಲ್ಲಿ ಜಲಪ್ರಳಯವನ್ನು ಇಳಿಸಿದ್ದೂ, ಐಗುಪ್ತಕ್ಕೆ ಮಿಡತೆಗಳನ್ನು ತಂದದ್ದೂ, ಕೊಂಡೊಯ್ದದ್ದೂ ರೂಅಹ್. ಮಿಡತೆಗಳನ್ನು ತಂದದ್ದು ಮೂಡಣ ಗಾಳಿ, ಒಯ್ದದ್ದು ಪಡುವಣ ಗಾಳಿ. ಆ ಪಡುವಣ ಗಾಳಿಗೆ ಮೂಲದಲ್ಲಿ ‘ರೂಅಹ್ ಯಾಮ್’ ಎಂದಿರುವದು. ಯಾಮ್ ಎಂದರೆ ಸಮುದ್ರ. ಇಸ್ರಾಯೇಲ್ಯರಿಗೆ ಸಮುದ್ರವು ಪಶ್ಚಿಮದಲ್ಲಿದ್ದದರಿಂದ ಪಶ್ಚಿಮ ದಿಕ್ಕಿಗೂ ಅದೇ ಹೆಸರು. ಘಟ್ಟದ ಮೇಲಿನವರಿಗೆ ಇದನ್ನು ಬಾಯಿಪಾಠ ಮಾಡಿಸಬೇಕಾದೀತು. ಭಟಕಳ, ಹೊನ್ನಾವರ, ಕುಮಟೆಗಳ ಮಕ್ಕಳಿಗೆ ಹೇಳಿಕೊಡುವ ಕಾರಣವೇ ಬೀಳಲಿಲ್ಲ. ಸೂರ್ಯನು ಎಲ್ಲಿ ಮುಳುಗುವನು ಎಂದರೆ ಸಮುದ್ರದಲ್ಲಿ ಎಂದು ಹೇಳುವವರು ಇವರೂ ತಾನೆ! ಹಾಗೆಯೇ ಎಲೀಯನ ಕಥೆಯಲ್ಲಿ ಸಮುದ್ರದ ಕಡೆಯಿಂದ ಅಂಗೈಯಷ್ಟು ಮೋಡವೆದ್ದು, ಗಾಳಿಯೂ ಮಳೆಯೂ ಬಂದ ವರ್ಣನೆಯು ಇವರಿಗೆ ಜ್ಯೇಷ್ಠಮಾಸದ ನೆನಪಿನಂತಿತ್ತು. ನಾಲ್ಕು ದಿಕ್ಕುಗಳಿಗೆ ನಾಲ್ಕು ರೂಅಹ್‌ಗಳೆನ್ನುವದೂ ಉಂಟು. ಯೆಹೆಜ್ಕೇಲನು ದೇವಾಲಯದ ಪಾರ್ಶ್ವಗಳನ್ನು ಅಳೆಯುವದನ್ನು ಹೇಳುವಾಗ ಪಾರ್ಶ್ವಕ್ಕೇ ಈ ಮಾತನ್ನು ಬಳಸಿರುವನು.

ಹೊರಗೆ ಬೀಸಿದರೆ ಗಾಳಿ, ಒಳಗೆ ಆಡಿದರೆ ಉಸಿರು. ಶೆಬದ ರಾಣಿಯು ಸೊಲೊಮೋನನ ವೈಭವವನ್ನು ಕಂಡಾಗ ಅವಳಲ್ಲಿ ರೂಅಹ್ ಉಳಿಯಲಿಲ್ಲವೆಂದು ಮೂಲವು ಹೇಳುವದು. ನಾವು ಉಸಿರು ನಿಂತಂತಾಯಿತೆಂದು ಹೇಳುವದಿಲ್ಲವೇ? ಯೋಸೇಫನು ಕಳುಹಿಸಿದ ಬಂಡಿಗಳನ್ನು ಕಂಡು ಮುದುಕನಾದ ಯಾಕೋಬನಿಗೆ ಮರಳಿ ಬಂದದ್ದು ರೂಅಹ್. ಗಿದ್ಯೋನನ ಮೆದುಮಾತಿಗೆ ಎಫ್ರಾಯೀಮ್ಯರಲ್ಲಿ ಇಳಿದದ್ದೂ ರೂಅಹ್. ಅಲ್ಲಿ ಕೋಪವೆಂದೇ ಅರ್ಥ, ಯಾಕಂದರೆ ಸಿಟ್ಟು ಬಂದವನ ಉಸಿರು ಬುಸುಗುಟ್ಟುವದು. ಇಬ್ರಿಯದಲ್ಲಿ ಮೂಗಿಗೆ ‘ಅಫ್’ ಎನ್ನುವರು, ಕೋಪಕ್ಕೂ ಅದೇ ಮಾತು. ಮೂಗಿನ ತುದಿಯಲ್ಲಿಯೇ ಸಿಟ್ಟು ಇರುವವರನ್ನು ನಮ್ಮ ಊರುಗಳಲ್ಲಿ ಬಲ್ಲೆವಾದದರಿಂದ ಇದಕ್ಕೆ ವ್ಯಾಖ್ಯಾನವು ಬೇಕಾಗಲಿಲ್ಲ.

ಇವೆಲ್ಲವುಗಳಿಗಿಂತ ಹೆಚ್ಚಿನ ಉಪಕಾರವಾದದ್ದು ಯೆಹೆಜ್ಕೇಲನ 37ನೆಯ ಅಧ್ಯಾಯದಿಂದ. ಬಾಬೆಲಿಗೆ ಸೆರೆಯಾಗಿ ಹೋದ ಜನರ ನಡುವೆ ಈ ಪ್ರವಾದಿಯು ಒಣ ಎಲುಬುಗಳಿಂದ ತುಂಬಿದ ಒಂದು ಕಣಿವೆಯನ್ನು ದರ್ಶನದಲ್ಲಿ ಕಾಣುವನು. ಮೊದಲಿನ 14 ವಚನಗಳಲ್ಲಿ ರೂಅಹ್ ಎಂಬದು 10 ಸಾರಿ ಬಂದಿದೆ. ಬಾಲಿಕೆಯರು ಹುಣಿಸೆಬೀಜಗಳನ್ನು ಇಟ್ಟುಕೊಂಡು ಎಣಿಸಿದರು. ಪ್ರವಾದಿಯನ್ನು ಆ ಕಣಿವೆಗೆ ತಂದದ್ದು ಕರ್ತನ ರೂಅಹ್, ಅಂದರೆ ಆತ್ಮ. ಎಲುಬಿಗೆ ಎಲುಬು ಕೂಡಿ, ನರ ಮಾಂಸ ಚರ್ಮಗಳು ಬಂದರೂ ಅವುಗಳಲ್ಲಿ ಇಲ್ಲದ್ದು ರೂಅಹ್, ಅಂದರೆ ಉಸಿರು. ಆಗ ನಾಲ್ಕು ರೂಅಹ್‌ಗಳಿಂದ ಬಾ ಎಂದು ರೂಅಹ್ ಕರೆಯಲ್ಪಡುವದು. ಇಲ್ಲಿ ದಿಕ್ಕು, ಗಾಳಿ, ಉಸಿರು ಮೂರೂ ಒಂದೇ ವಚನದಲ್ಲಿ ನಿಂತಿವೆ. ಕಡೆಯಲ್ಲಿ ದೇವರು ತನ್ನ ರೂಅಹ್ ಅನ್ನೇ ಅವರಲ್ಲಿ ಇಡುವೆನೆಂದು ಮಾತು ಕೊಡುವನು. ಮೂಲದಲ್ಲಿ ಇದು ಒಂದೇ ಶ್ರುತಿಯಲ್ಲಿ ಹಾಡಿದಂತಿರುವದು. ಕನ್ನಡಕ್ಕೆ ತಂದಾಗ ಒಂದು ಕಡೆ ಆತ್ಮ, ಒಂದು ಕಡೆ ಶ್ವಾಸ, ಇನ್ನೊಂದು ಕಡೆ ದಿಕ್ಕು ಎಂದು ಆ ಶ್ರುತಿಯು ಒಡೆಯುವದು. ಬೇರೆ ಉಪಾಯವಿಲ್ಲ. ನಾವು ಪ್ರತಿಯೊಬ್ಬಳಿಗೂ ಆ ಭಾಗವನ್ನು ಕನ್ನಡದಲ್ಲಿ ಬರೆದು, ಅರ್ಥ ಯಾವದಿದ್ದರೂ ಆ 10 ಸ್ಥಳಗಳಲ್ಲಿ ರೂಅಹ್ ಎಂದೇ ಇಡಿರೆಂದು ಹೇಳಿದೆವು. ಓದಿ ಮುಗಿಸಿದ ಮೇಲೆ ತರಗತಿಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಉಚ್ಚಾರದ ವಿಷಯದಲ್ಲಿ ನಮ್ಮೆಲ್ಲರನ್ನೂ ಸೋಲಿಸಿದವಳು ಭಟಕಳದ ನವಾಯತ ಮನೆತನದ ಒಬ್ಬ ಬಾಲಿಕೆ. ಉಳಿದವರ ಬಾಯಲ್ಲಿ ಆ ಹೇತ್ ಒಮ್ಮೆ ಹಕಾರವಾಗುವದು, ಒಮ್ಮೆ ಖಕಾರವಾಗುವದು. ಅವಳಿಗೆ ಅದು ಮೊದಲನೆಯ ಸಾರಿಗೇ ಬಂತು. ಯಾಕಂದರೆ ಚಿಕ್ಕಂದಿನಿಂದ ಕುರಾನನ್ನು ಓದಿದವಳಿಗೆ ಅರಬ್ಬಿಯ ಅದೇ ಅಕ್ಷರವು ಪರಿಚಿತವು. ‘ನಮ್ಮಲ್ಲೂ ಇದೆ, ಅಕ್ಕೋರೇ, ರೂಹ್ ಅಂತ,’ ಎಂದಳು. ಗಾಳಿಗೂ ಅದೇ ಮಾತೋ ಎಂದು ಕೇಳಿದಾಗ, ಮನೆಯಲ್ಲಿ ಹಿರಿಯರನ್ನು ವಿಚಾರಿಸಿಕೊಂಡು ಬಂದು, ಗಾಳಿಗೆ ‘ರೀಹ್’ ಎಂದು ತಿಳಿಸಿದಳು. ಅರಬ್ಬಿ ಇಬ್ರಿಯಗಳು ಒಂದೇ ತಾಯಿಯ ಮಕ್ಕಳು. ಅರಬ್ಬಿಯು ಒಂದು ಸ್ವರವನ್ನು ಬದಲಿಸಿ ಆತ್ಮವನ್ನೂ ಗಾಳಿಯನ್ನೂ ಅಕ್ಕತಂಗಿಯರನ್ನಾಗಿ ಮಾಡಿತು. ಇಬ್ರಿಯವು ಎರಡನ್ನೂ ಒಬ್ಬಳಲ್ಲಿಯೇ ಇಟ್ಟುಕೊಂಡಿತು. ಇಬ್ರಿಯದಲ್ಲಿ ಈ ಮನೆತನದ ಇನ್ನೊಬ್ಬಳು ‘ರೇಅಹ್’, ಎಂದರೆ ವಾಸನೆ. ಗಾಳಿಗೆ ಗಂಧವಾಹನೆಂಬ ಹೆಸರನ್ನು ಪಾಠದಲ್ಲಿ ಓದಿದವರು ಇದಕ್ಕೆ ಆಶ್ಚರ್ಯಪಡಬೇಕಾಗಿಲ್ಲ.

ಈ ಅಕ್ಷರಗಳು ನಮ್ಮ ಕರಾವಳಿಗೆ ಹೊಸವೆಂದು ತಿಳಿಯುವದೂ ಸರಿಯಲ್ಲ. 1340ರ ದಶಕದಲ್ಲಿ ಹೊನ್ನಾವರಕ್ಕೆ ಬಂದ ಇಬ್ನ್ ಬತೂತನು ಇಲ್ಲಿ ಬಾಲಿಕೆಯರ 13 ಶಾಲೆಗಳನ್ನೂ ಬಾಲಕರ 23 ಶಾಲೆಗಳನ್ನೂ ಕಂಡೆನೆಂದೂ, ಇಲ್ಲಿಯ ಸ್ತ್ರೀಯರಿಗೆ ಕುರಾನು ಕಂಠಪಾಠವಾಗಿತ್ತೆಂದೂ ಬರೆದಿಟ್ಟಿದ್ದಾನೆ. ಬಾಲಿಕೆಯರ ಶಾಲೆಯು ಈ ಸೀಮೆಗೆ ನಾವು ತಂದ ವಸ್ತುವೆಂದು ಹೆಮ್ಮೆಪಡುವ ನಮ್ಮಂಥವರು ಇದನ್ನು ಎರಡು ಸಾರಿ ಓದತಕ್ಕದ್ದು. ಅದಕ್ಕೂ 200 ವರ್ಷಗಳ ಹಿಂದೆ ಅಬ್ರಹಾಂ ಬೆನ್ ಯಿಜೂ ಎಂಬ ಯೆಹೂದ್ಯ ವರ್ತಕನು ಮಂಗಳೂರಿನಲ್ಲಿ ನೆಲಸಿದ್ದನು. 1132ರಲ್ಲಿ ಅಲ್ಲಿದ್ದನೆಂಬದಕ್ಕೆ ಪತ್ರದ ಆಧಾರವಿದೆ; 1149ರಲ್ಲಿ ಏಡನ್ನಿಗೆ ಹಿಂದಿರುಗಿದನು. ಅವನಿಗೆ ಬಂದ ಕಾಗದಗಳೂ ಅವನು ಬರೆದಿಟ್ಟ ಲೆಕ್ಕಗಳೂ ಕೈರೋ ನಗರದ ಒಂದು ಸಭಾಮಂದಿರದ ಕಾಗದದ ಉಗ್ರಾಣದಲ್ಲಿ ಉಳಿದುಬಂದಿವೆ. ಅವುಗಳ ಭಾಷೆಯು ಅರಬ್ಬಿ, ಲಿಪಿಯು ಇಬ್ರಿಯ. ಹಡಗು ಹೊರಡುವದಕ್ಕೆ ಗಾಳಿಯ ದಾರಿ ಕಾಯುತ್ತಿದ್ದ ಆ ವರ್ತಕನಿಗೆ ಈ ಶಬ್ದದ ಭಾರವು ನಮಗಿಂತ ಚೆನ್ನಾಗಿ ತಿಳಿದಿರಬೇಕು.

ಹಾಗಾದರೆ ನಮ್ಮ ಭಾಷಾಂತರಕಾರರು ಗಾಳಿ ಎಂಬ ತಿಳಿಗನ್ನಡದ ಮಾತನ್ನೇ ಎಲ್ಲೆಡೆಯೂ ಯಾಕೆ ಇಡಲಿಲ್ಲ? ಬಳ್ಳಾರಿಯಲ್ಲಿ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಅವರು 1830ರ ಸುಮಾರಿಗೆ ಕನ್ನಡ ಸತ್ಯವೇದವನ್ನು ಪೂರೈಸಿದರು. ಬಳಿಕ ಬಾಸೆಲ್ ಮಿಶನ್ನಿನ ವೈಗ್ಲೆ, ಮೋಗ್ಲಿಂಗ್ ಮೊದಲಾದವರು ಅದರ ಪರಿಷ್ಕರಣಕ್ಕೆ ದುಡಿದರು. ಅವರ ಮುಂದೆ ಇದ್ದ ತೊಡಕನ್ನು ಊಹಿಸಿಕೊಳ್ಳಬೇಕು. ಕನ್ನಡದ ಗಾಳಿಯೂ ಬರಿಯ ಗಾಳಿಯಲ್ಲ. ಗಾಳಿಮಾತೆಂದರೆ ನಂಬಬಾರದ ಮಾತು. ಗಾಳಿಗೋಪುರವೆಂದರೆ ಇಲ್ಲದ ಗೋಪುರ. ಅದಕ್ಕಿಂತ ಹೆಚ್ಚಾಗಿ, ಗಾಳಿ ಸೋಕಿತು, ಗಾಳಿ ಹಿಡಿಯಿತು, ಗಾಳಿ ಬಿಡಿಸಿದರು ಎಂದಾಗ ಅದು ಭೂತವು. ಮರಾಠಿಯ ‘ವಾರೆ’ ಎಂಬದಕ್ಕೂ ಮೈಮೇಲೆ ಬರುವದೆಂಬ ಅರ್ಥವುಂಟು. ಹೀಗೆ ಕನ್ನಡದ ಗಾಳಿಯು ಇಬ್ರಿಯದ ರೂಅಹ್‌ಗೆ ಎಲ್ಲಾ ಮಾತುಗಳಿಗಿಂತ ಸಮೀಪವಾಗಿದ್ದದ್ದೇ ಅದಕ್ಕೆ ಅಡ್ಡಿಯಾಯಿತು. ಪವಿತ್ರಾತ್ಮವನ್ನು ಗಾಳಿಯೆಂದು ಕರೆದಿದ್ದರೆ ಕೇಳಿದವರು ಮಂತ್ರವಾದಿಯನ್ನು ಹುಡುಕಿಕೊಂಡು ಹೋಗುತ್ತಿದ್ದರು. ಅವರು ಆತ್ಮವೆಂಬದನ್ನು ಆರಿಸಿದ್ದು ಸರಿಯೆಂದೇ ನಮ್ಮ ಅಭಿಪ್ರಾಯವು. ಅದರಿಂದಾದ ನಷ್ಟವನ್ನೂ ಹೇಳಬೇಕಷ್ಟೆ: ಆತ್ಮವೆಂದಾಗ ಕನ್ನಡಿಗನ ಮುಖಕ್ಕೆ ಗಾಳಿ ಬೀಸುವದಿಲ್ಲ. ಋಗ್ವೇದದ ಋಷಿಗಳು ಗಾಳಿಯನ್ನು ದೇವತೆಗಳ ಆತ್ಮವೆಂದು ಕರೆದದ್ದುಂಟು. ಆ ಕಾಲಕ್ಕೆ ಆ ಮಾತಿನಲ್ಲಿ ಗಾಳಿಯಾಡುತ್ತಿತ್ತು. ಉಸಿರು ಎಂಬ ಅಚ್ಚಗನ್ನಡದ ಮಾತಿಗೆ ಹಳಗನ್ನಡದಲ್ಲಿ ನುಡಿಯುವದೆಂಬ ಅರ್ಥವೂ ಇತ್ತು. ಅದು ಇನ್ನಷ್ಟು ಕಡೆಗಳಲ್ಲಿ ಬರಬಹುದಾಗಿತ್ತೆಂದು ನಮಗೆ ಆಗಾಗ ತೋರುವದು.

ಈ ಪಾಠವಾದ ದಿನ ಶಾಲೆ ಬಿಟ್ಟ ಮೇಲೆ ಒಬ್ಬ ಬಾಲಿಕೆಯು ನಮ್ಮ ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ಯಾವ ಊರಿನವಳೆಂದು ಹೇಳುವದು ಬೇಡ. ‘ನಮ್ಮ ಚಿಕ್ಕಿಗೆ ಗಾಳಿ ಸೋಕಿದೆ ಅಂತಾರೆ, ಅಕ್ಕೋರೇ. ನಾಲ್ಕು ತಿಂಗಳಾಯ್ತು. ನೀವು ಹೇಳಿದ್ದು ಅದೇ ಗಾಳಿಯೋ?’ ಎಂದಳು. ಶಬ್ದದ ಅರ್ಥವನ್ನು ಅಷ್ಟು ಹೊತ್ತು ಬಿಡಿಸಿ ಹೇಳಿದ್ದ ನಮಗೆ ಒಮ್ಮೆಲೇ ಉತ್ತರವು ಹೊಳೆಯಲಿಲ್ಲ. ಅವಳನ್ನು ಕೂಡ್ರಿಸಿಕೊಂಡು 1 ಸಮುವೇಲನ 16ನೆಯ ಅಧ್ಯಾಯವನ್ನು ತೆಗೆದೆವು. ಅರಸನಾದ ಸೌಲನನ್ನು ಪೀಡಿಸಿದ್ದೂ ಒಂದು ಕೆಟ್ಟ ರೂಅಹ್ ಎಂದೇ ಅಲ್ಲಿದೆ. ಅವನ ಮನೆಯವರು ಅವನನ್ನು ಕಟ್ಟಿಹಾಕಲಿಲ್ಲ, ಹೊಡೆಯಲಿಲ್ಲ, ಬಚ್ಚಿಡಲಿಲ್ಲ. ಕಿನ್ನರಿಯನ್ನು ಬಾರಿಸುವ ದಾವೀದನನ್ನು ಕರೆಸಿದರು. ಬಾರಿಸಿದಾಗ ಸೌಲನಿಗೆ ‘ರಾವಹ್’ ಆಯಿತೆಂದು ಮೂಲದಲ್ಲಿ ಇರುವದು. ಅಂದರೆ ಹಗುರವಾಯಿತು, ಒಳಗೆ ಗಾಳಿಯಾಡುವಷ್ಟು ಎಡೆಯಾಯಿತು. ಅಕ್ಷರಗಳು ಅವೇ ಮೂರು, ರೇಷ್, ವಾವ್, ಹೇತ್. (ಕಿನ್ನರಿಗೆ ಇಬ್ರಿಯದಲ್ಲಿ ‘ಕಿನ್ನೋರ್’ ಎಂಬ ಹೆಸರಿರುವದನ್ನು ಕಂಡು ಹಲವರು ಸಂಬಂಧವನ್ನು ಕಲ್ಪಿಸುವರು, ಧ್ವನಿಯು ಹೋಲುವದರಿಂದಲೇ ಬಂಧುತ್ವವು ಸಿದ್ಧವಾಗುವದಿಲ್ಲ.) ಚಿಕ್ಕಮ್ಮನ ಕಾಯಿಲೆಗೆ ಇಂದು ವೈದ್ಯರಿದ್ದಾರೆ, ಔಷಧವಿದೆ, ನಾಚಿಕೆಪಡತಕ್ಕದ್ದು ಏನೂ ಇಲ್ಲವೆಂದು ಹೇಳಿ, ಮರುದಿನ ಅವಳ ತಾಯಿಯನ್ನು ಕರೆಸಿ ಮಾತಾಡಿದೆವು. ತಾಯಿಯು ಮೊದಲು ಒಪ್ಪಲಿಲ್ಲ. ಮೂರನೆಯ ಸಾರಿ ಬಂದಾಗ ಆಸ್ಪತ್ರೆಯ ಚೀಟಿಯನ್ನು ತಂದು ತೋರಿಸಿದಳು.

ಕಲಿಸುವ ರೀತಿಯ ವಿಷಯವಾಗಿ ಉಪಾಧ್ಯಾಯಿನಿಯರಿಗೆ ಒಂದೆರಡು ಮಾತು. ಶಬ್ದದ ಎದುರಿಗೆ ಅರ್ಥಗಳ ಪಟ್ಟಿಯನ್ನು ಬರೆಯಿಸುವದನ್ನು ನಾವು ಬಿಟ್ಟಿದ್ದೇವೆ. ಅದಕ್ಕೆ ಬದಲಾಗಿ ಪ್ರತಿಯೊಂದು ಅರ್ಥಕ್ಕೆ ಒಂದು ಸ್ಥಳ, ಒಬ್ಬ ಮನುಷ್ಯನು: ಗಾಳಿಗೆ ನೋಹ, ಉಸಿರಿಗೆ ಶೆಬದ ರಾಣಿ, ಕೋಪಕ್ಕೆ ಎಫ್ರಾಯೀಮ್ಯರು, ಪೀಡೆಗೆ ಸೌಲ. ಪಟ್ಟಿಯು ಪರೀಕ್ಷೆಯ ಮರುದಿನ ಮರೆತುಹೋಗುವದು, ಮನುಷ್ಯರು ಮರೆತುಹೋಗುವದಿಲ್ಲ. ಕಿಟ್ಟೆಲರು 1894ರಲ್ಲಿ ಪ್ರಕಟಿಸಿದ ಕನ್ನಡ ನಿಘಂಟಿನಲ್ಲಿ ಶಬ್ದಗಳ ಜೊತೆಗೆ ಗಾದೆಗಳನ್ನೂ ಪ್ರಯೋಗಗಳನ್ನೂ ಸೇರಿಸಿದ್ದು ಇದೇ ಕಾರಣಕ್ಕೆ ಇರಬೇಕು. ಲಿಂಗವನ್ನೂ ಮೊದಲೇ ಹೇಳಿಬಿಡುವದು ಒಳ್ಳೇದು. ರೂಅಹ್ ಇಬ್ರಿಯದಲ್ಲಿ ಬಹುಮಟ್ಟಿಗೆ ಸ್ತ್ರೀಲಿಂಗ, ಗ್ರೀಕಿನ ‘ಪ್ನ್ಯೂಮ’ ನಪುಂಸಕ, ಲತೀನಿನ ‘ಸ್ಪಿರಿತುಸ್’ ಪುಲ್ಲಿಂಗ. ಜಲರಾಶಿಯ ಮೇಲಿನ ಆ ಕ್ರಿಯಾಪದವು ಮೂಲದಲ್ಲಿ ಸ್ತ್ರೀಲಿಂಗದಲ್ಲಿದೆಯೆಂದು ತಿಳಿದಾಗ ನಮ್ಮ ಬಾಲಿಕೆಯರಿಗಾದ ಸಂತೋಷವನ್ನು ನೋಡಬೇಕಾಗಿತ್ತು. ವ್ಯಾಕರಣದ ಲಿಂಗದಿಂದ ದೇವರ ಸ್ವರೂಪವನ್ನು ನಿಶ್ಚಯಿಸಬಾರದೆಂದು ಕೂಡಲೇ ಎಚ್ಚರಿಸಿದೆವಾದರೂ ಯಾರೂ ಕಿವಿಗೊಟ್ಟಂತೆ ಕಾಣಲಿಲ್ಲ.

ಕುಮಟೆಯ ಆ ಬಾಲಿಕೆಯ ಪತ್ರಿಕೆಯನ್ನು ತರಿಸಿಕೊಂಡು ಕೆಂಪು ಗೀಟಿನ ಪಕ್ಕದಲ್ಲಿ ಒಂದು ಅಂಕವನ್ನು ಬರೆದು ಸಹಿ ಹಾಕಿದೆವು. ಹಾಗಾದರೆ ದೇವರಾತ್ಮವೆಂದು ಬರೆದವರ ಉತ್ತರ ತಪ್ಪೋ ಎಂದು ಮುಂದಿನ ಸಾಲಿನವರು ವಾದಕ್ಕೆ ನಿಂತರು. ಆ ತಾಸು ಅದರಲ್ಲಿಯೇ ಕಳೆಯಿತು. ಬರುವ ಅರ್ಧವರ್ಷಕ್ಕೆ ‘ದಾಬಾರ್’ ಎಂಬ ಶಬ್ದವನ್ನು ಆರಿಸಿಕೊಂಡಿರುವೆವು. ಅದಕ್ಕೆ ನುಡಿಯೆಂದೂ ಅರ್ಥ, ಸಂಗತಿಯೆಂದೂ ಅರ್ಥ. ಇದನ್ನು ಹೇಳಿದ ಕೂಡಲೇ ಹಿಂದಿನ ಬೆಂಚಿನಿಂದ ಒಬ್ಬಳು, ‘ಅದೇನು ದೊಡ್ಡ ಮಾತು, ಅಕ್ಕೋರೇ!’ ಎಂದುಬಿಟ್ಟಳು. ತಾನು ಪಾಠವನ್ನು ಆಗಲೇ ಅರ್ಧ ಮುಗಿಸಿದ್ದೇನೆಂದು ಅವಳಿಗೆ ತಿಳಿದಿರಲಿಲ್ಲ.